ಪದವಿಯೋ ಪ್ರಮಾಣಪತ್ರವೋ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಓದುಗರೇ, ನಮಸ್ಕಾರ.

ಆರು ವರ್ಷಗಳಿಂದ ಪ್ರಾಜೆಕ್ಟ್ ಸಂಯೋಜಕರಾಗಿ ದುಡಿಯುತ್ತಿರುವ ನೀವು, ಕೆಲಸ ಬಿಡದೆಯೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರುವ ಆಲೋಚನೆಯಲ್ಲಿದ್ದೀರಿ. ಅಂತಹ ಪದವಿಗೆ ಬೆಲೆ ಇದೆಯೇ, ಅದರ ಬದಲು ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಶನಲ್) ಎಂಬ ವೃತ್ತಿ ಪ್ರಮಾಣಪತ್ರವೊಂದೇ ಸಾಲದೇ, ದಿನವಿಡೀ ದುಡಿದವರಿಗೆ ಇದನ್ನು ಓದಿ ಮುಗಿಸಲು ಆದೀತೇ ಎಂದು ಕೇಳಿದ್ದೀರಿ. ಜೊತೆಗೆ, "ಎಲ್ಲವೂ ಪುಕ್ಕಟೆ ಸಿಗುವಾಗ ಶುಲ್ಕ ಕಟ್ಟಿ ಕಲಿಯುವುದೇನಿದೆ" ಎಂದು ನಿಮ್ಮ ಸಹೋದ್ಯೋಗಿ ಹಂಗಿಸಿದ್ದನ್ನೂ ಬರೆದಿದ್ದೀರಿ. ಮೊದಲು ಆ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಅರ್ಧದಷ್ಟು ನಿಜವಿದೆ.

ಈ ವಿಷಯದ ಮುಖ್ಯ ಸಲಕರಣೆಗಳಾವುವೂ ಹೊಸವಲ್ಲ, ಗುಟ್ಟಿನವೂ ಅಲ್ಲ. ಯಾವ ಕೆಲಸ ಎಂದಿನಿಂದ ಎಂದಿನವರೆಗೆ ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವ, ಹೆನ್ರಿ ಗ್ಯಾಂಟ್ ಅವರ ಹೆಸರಿನ ಚಾರ್ಟ್‌ಗಳು 1910ರ ದಶಕದವು. ಯಾವ ಕೆಲಸಗಳ ಸರಣಿ ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತದೆ ಎಂದು ಗುರುತಿಸುವ ಕ್ರಿಟಿಕಲ್ ಪಾತ್ ವಿಧಾನವು 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯ ಕಾರ್ಖಾನೆ ಕಾಮಗಾರಿಗಳಿಂದಲೂ, ಕೆಲಸಗಳಿಗೆ ಹಿಡಿಯುವ ಅನಿಶ್ಚಿತ ಸಮಯವನ್ನು ಅಂದಾಜಿಸುವ ಪರ್ಟ್ ವಿಧಾನವು ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಿಂದಲೂ ಹುಟ್ಟಿದವು. ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ, ಬದಲಾವಣೆಗೆ ಹೊಂದಿಕೊಳ್ಳುತ್ತಾ ಕಟ್ಟಬೇಕೆನ್ನುವ ಅಜೈಲ್ ಪ್ರಣಾಳಿಕೆಗೆ 2001ರಲ್ಲಿ ಹದಿನೇಳು ಮಂದಿ ಸಹಿ ಹಾಕಿದರು, ಅದನ್ನು ಓದಲು ಐದು ನಿಮಿಷ ಸಾಕು. ಇವಿಷ್ಟನ್ನು ವಿವರಿಸುವ ವಿಡಿಯೋಗಳಿಗಾಗಿ ಯಾರೂ ಎರಡು ವರ್ಷದ ಶುಲ್ಕ ತೆರಬೇಕಾಗಿಲ್ಲ. ನೀವು ಹಣ ಕೊಡುವುದು ನಿಮ್ಮ ಬರಹವನ್ನು ಗಮನವಿಟ್ಟು ಓದಿ, ಎಲ್ಲಿ ಎಡವಿದ್ದೀರಿ ಎಂದು ತೋರಿಸಿಕೊಡುವ ಒಬ್ಬ ಮನುಷ್ಯನಿಗಾಗಿ. ಆ ಮನುಷ್ಯ ಇಲ್ಲದ ಪದವಿಯನ್ನು ದುಬಾರಿ ವಿಡಿಯೋ ಸಂಗ್ರಹವೆಂದೇ ಕರೆಯಬೇಕು.

ಇದು ಎಷ್ಟು ಮುಖ್ಯ ಎಂಬುದಕ್ಕೆ, ಆದ ಕೆಲಸವನ್ನು ಯೋಜನೆಯೊಂದಿಗೂ ಖರ್ಚಿನೊಂದಿಗೂ ಹೋಲಿಸುವ ಅರ್ನ್ಡ್ ವ್ಯಾಲ್ಯೂ ಲೆಕ್ಕವನ್ನೇ ನೋಡಿ. ಹತ್ತು ತಿಂಗಳ ಪ್ರಾಜೆಕ್ಟ್, ಬಜೆಟ್ 100 ಎಂದಿಟ್ಟುಕೊಳ್ಳೋಣ. ಐದನೇ ತಿಂಗಳ ಕೊನೆಗೆ 50ರಷ್ಟು ಕೆಲಸ ಆಗಬೇಕಿತ್ತು, ಆದದ್ದು 40ರಷ್ಟು, ಖರ್ಚಾದದ್ದು 60. ವೇಳಾಪಟ್ಟಿಯ ಸೂಚ್ಯಂಕ 40ನ್ನು 50ರಿಂದ ಭಾಗಿಸಿದರೆ 0.8, ವೆಚ್ಚದ ಸೂಚ್ಯಂಕ 40ನ್ನು 60ರಿಂದ ಭಾಗಿಸಿದರೆ ಸುಮಾರು 0.67. ಇದೇ ಗತಿಯಲ್ಲಿ ಸಾಗಿದರೆ ಒಟ್ಟು ವೆಚ್ಚ 150ಕ್ಕೆ ಮುಟ್ಟುತ್ತದೆ. ಇಷ್ಟನ್ನು ಯಾವ ಸ್ಪ್ರೆಡ್‌ಶೀಟ್ ಬೇಕಾದರೂ ಮಾಡಿಕೊಡುತ್ತದೆ. ಆದರೆ ಆ ಪ್ರಾಜೆಕ್ಟ್ ಎಳೆದೂ ಎಳೆದೂ ಹದಿನಾಲ್ಕನೇ ತಿಂಗಳಿಗೆ ಮುಗಿಯಿತೆನ್ನಿ. ಆಗ ಆದ ಕೆಲಸವೂ 100, ಯೋಜಿಸಿದ್ದೂ 100, ಹಾಗಾಗಿ ವೇಳಾಪಟ್ಟಿಯ ಸೂಚ್ಯಂಕ ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತದೆ! ನಾಲ್ಕು ತಿಂಗಳ ವಿಳಂಬ ಅಂಕಿಯಲ್ಲಿ ಕಾಣದೇ ಹೋಗುತ್ತದೆ. ಅಂತಿಮ ವರದಿಯಲ್ಲಿ ಆ 1ನ್ನು ನಂಬಿ "ಕಾಲಕ್ಕೆ ಸರಿಯಾಗಿ ಮುಗಿದಿದೆ" ಎಂದು ಬರೆಯುವ ವಿದ್ಯಾರ್ಥಿಯನ್ನು ಒಳ್ಳೆಯ ಅಧ್ಯಾಪಕರು ಅಲ್ಲಿಯೇ ತಡೆದು ನಿಲ್ಲಿಸುತ್ತಾರೆ. ಅಷ್ಟಕ್ಕೇ ಬಿಡದೆ, ಐದನೇ ತಿಂಗಳಲ್ಲಿ ಆದ ಕೆಲಸ 40 ಎಂದು ತೀರ್ಮಾನಿಸಿದವರು ಯಾರು, ಗುತ್ತಿಗೆದಾರನ ಬಾಯಿಮಾತೋ ಕಣ್ಣಾರೆ ಅಳೆದದ್ದೋ ಎಂದೂ ಕೇಳುತ್ತಾರೆ. ಬಹುಆಯ್ಕೆಯ ಪ್ರಶ್ನೆಗಳಲ್ಲೇ ಪರೀಕ್ಷೆ ಮುಗಿಸುವ ಕೋರ್ಸಿನಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ.

ಆದ್ದರಿಂದ ಸೇರುವ ಮುನ್ನ ಪ್ರವೇಶ ವಿಭಾಗಕ್ಕೆ ಬರೆದು ವಿಚಾರಿಸಿ. ಅಸೈನ್‌ಮೆಂಟ್‌ಗಳನ್ನು ಪಾಠ ಹೇಳುವವರೇ ತಿದ್ದುತ್ತಾರೆಯೇ ಅಥವಾ ಹೊರಗಿನವರಿಗೆ ಒಪ್ಪಿಸುತ್ತಾರೆಯೇ, ಟಿಪ್ಪಣಿ ಎಷ್ಟು ದಿನಗಳಲ್ಲಿ ಕೈಸೇರುತ್ತದೆ, ಕೊನೆಯ ಪ್ರಬಂಧಕ್ಕೆ ಮಾರ್ಗದರ್ಶಕರು ಇರುತ್ತಾರೆಯೇ, ತಿದ್ದಿದ ಹಳೆಯ ಉತ್ತರವೊಂದನ್ನು ಹೆಸರು ಅಳಿಸಿ ತೋರಿಸಲು ಸಾಧ್ಯವೇ ಎಂದು ಕೇಳಿ. ಈ ಪ್ರಶ್ನೆಗಳಿಗೆ ಉತ್ತರದ ಬದಲು ರಿಯಾಯಿತಿಯ ಕೊನೆಯ ದಿನಾಂಕವೇ ಮರಳಿ ಬಂದರೆ, ಬೇರೆ ಕಡೆ ನೋಡುವುದು ಲೇಸು.

ಇನ್ನು ಪದವಿಯ ಬೆಲೆ. ಇದರಲ್ಲಿ ಹೆಚ್ಚು ಚರ್ಚೆಗೆ ಆಸ್ಪದವಿಲ್ಲ. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಮತ್ತು ನಿರ್ದಿಷ್ಟವಾಗಿ ಅದರ ಆನ್‌ಲೈನ್ ಕೋರ್ಸಿಗೆ ಅದರ ದೇಶದ ಉನ್ನತ ಶಿಕ್ಷಣ ನಿಯಂತ್ರಕರ ಮಾನ್ಯತೆ ಇದೆಯೇ, ನೀವು ಕೆಲಸ ಮಾಡಬೇಕೆಂದಿರುವ ದೇಶದಲ್ಲಿ ಅದು ಸಲ್ಲುತ್ತದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಜಾಹೀರಾತಿನಲ್ಲಿ ನೋಡದೆ, ನಿಯಂತ್ರಕರ ಪಟ್ಟಿಯಲ್ಲೇ ನೋಡಿಕೊಳ್ಳಿ. ಪ್ರಾಜೆಕ್ಟ್ ಮ್ಯಾನೇಜರ್‌ಗಳ ವೃತ್ತಿಸಂಸ್ಥೆಯಾದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ನಡೆಸುವ ಜಾಗತಿಕ ಮಾನ್ಯತಾ ಕೇಂದ್ರದ ಮುದ್ರೆ ಇದ್ದರೆ ಒಳ್ಳೆಯದೇ, ಆದರೆ ಅದು ವೃತ್ತಿಸಂಸ್ಥೆಯ ಮೆಚ್ಚುಗೆಯೇ ಹೊರತು ಶಿಕ್ಷಣದ ಕಾನೂನುಬದ್ಧ ಮಾನ್ಯತೆಗೆ ಬದಲಿಯಲ್ಲ.

ಪಿಎಂಪಿ ಪ್ರಮಾಣಪತ್ರವನ್ನು 1969ರಲ್ಲಿ ಸ್ಥಾಪನೆಯಾದ ಪಿಎಂಐ 1984ರಿಂದ ನೀಡುತ್ತಿದೆ. ಅದು ಪದವಿಯ ಪ್ರತಿಸ್ಪರ್ಧಿಯೇನೂ ಅಲ್ಲ, ಅದು ನಿಮ್ಮ ಅನುಭವದ ಮೇಲೆ ಒತ್ತುವ ಮುದ್ರೆ. ಪದವೀಧರರು ಪರೀಕ್ಷೆಗೆ ಕೂರಬೇಕಾದರೆ ಸಾಮಾನ್ಯವಾಗಿ 36 ತಿಂಗಳು ಪ್ರಾಜೆಕ್ಟ್‌ಗಳನ್ನು ಮುನ್ನಡೆಸಿದ ಅನುಭವವೂ 35 ಗಂಟೆಗಳ ತರಬೇತಿಯೂ ಬೇಕು. ಪಾಸಾದ ಮೇಲೆ ಮೂರು ವರ್ಷಕ್ಕೊಮ್ಮೆ 60 ಅಂಕಗಳಷ್ಟು ಮುಂದುವರಿದ ಕಲಿಕೆಯನ್ನು ತೋರಿಸಿ ನವೀಕರಿಸಬೇಕು. ಇಲ್ಲಿ "ಮುನ್ನಡೆಸಿದ" ಎಂಬುದನ್ನು ಗಮನಿಸಿ. ಸಭೆ ಕರೆದು ನಡಾವಳಿ ಬರೆದ ವರ್ಷಗಳನ್ನು ಅದರಲ್ಲಿ ಸೇರಿಸಲಾಗದು. ನಿಮ್ಮ ಆರು ವರ್ಷಗಳಲ್ಲಿ ಅಂತಹ 36 ತಿಂಗಳು ನಿಜಕ್ಕೂ ಇದ್ದು, ಈಗಿನ ಹುದ್ದೆಯಲ್ಲೇ ಬಡ್ತಿ ಬೇಕೆಂಬುದಷ್ಟೇ ನಿಮ್ಮ ಗುರಿಯಾಗಿದ್ದರೆ, ಮೊದಲು ಪ್ರಮಾಣಪತ್ರಕ್ಕೆ ಹೋಗಿ. ಬೇರೆಯವರು ಹೇಳಿದ ಕೆಲಸವನ್ನು ಮಾಡುವುದರಿಂದ ಆಚೆಗೆ, ಯಾವ ಪ್ರಾಜೆಕ್ಟನ್ನು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಅರ್ಧದಲ್ಲೇ ನಿಲ್ಲಿಸಬೇಕು, ಗುತ್ತಿಗೆಯಲ್ಲಿ ನಷ್ಟದ ಹೊಣೆ ಯಾರ ಮೇಲೆ ಬೀಳಬೇಕು ಎಂದು ನಿರ್ಧರಿಸುವ ಜಾಗಕ್ಕೆ ಹೋಗಬೇಕೆಂದಿದ್ದರೆ ಪದವಿಯ ಓದು ಸಾರ್ಥಕ. ನಿಮ್ಮ ಪತ್ರದ ಧಾಟಿಯನ್ನು ನೋಡಿದರೆ ನೀವು ಎರಡನೆಯವರೆಂದೇ ನನಗನ್ನಿಸುತ್ತದೆ.

ಸಮಯದ ವಿಷಯದಲ್ಲಿ ಮಾತ್ರ ಮುಲಾಜಿಲ್ಲದೆ ಲೆಕ್ಕ ಹಾಕಿ. ಬ್ರಿಟನ್ನಿನ ಪದ್ಧತಿಯಲ್ಲಿ ಪೂರ್ಣ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್, ಒಂದು ಕ್ರೆಡಿಟ್‌ಗೆ ಅಂದಾಜು 10 ಗಂಟೆಯ ಕಲಿಕೆ, ಒಟ್ಟು 1,800 ಗಂಟೆ. ಎರಡು ವರ್ಷಗಳನ್ನು ನೂರು ವಾರವೆಂದು ಹಿಡಿದರೆ ವಾರಕ್ಕೆ 18 ಗಂಟೆ, ಮೂರು ವರ್ಷಕ್ಕೆ ಹಂಚಿದರೆ 12 ಗಂಟೆ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ, ಹಾಗಾಗಿ ಅಲ್ಲಿನ 90 ಕ್ರೆಡಿಟ್‌ನ ಪದವಿಗೆ ಕನಿಷ್ಠ 2,250 ಗಂಟೆ. "ವಾರಕ್ಕೆ ಐದಾರು ಗಂಟೆ ಸಾಕು" ಎನ್ನುವ ಪ್ರಚಾರಪತ್ರವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿ. ವಾರಕ್ಕೆ 12 ಗಂಟೆ ಎಂದರೆ ನಾಲ್ಕು ರಾತ್ರಿ ಎರಡೆರಡು ಗಂಟೆ, ಜೊತೆಗೆ ರಜೆಯ ದಿನದ ಒಂದು ಬೆಳಗು. ನಿಮ್ಮ ಕಚೇರಿಯಲ್ಲಿ ಪ್ರಾಜೆಕ್ಟ್ ಹಸ್ತಾಂತರದ ವಾರಗಳು ಯಾವುವೆಂದು ನಿಮಗೆ ಮೊದಲೇ ಗೊತ್ತಿರುತ್ತದೆ, ಆ ವಾರಗಳಲ್ಲಿ ಓದು ಸೊನ್ನೆ ಎಂದೇ ಬರೆದುಕೊಂಡು ಉಳಿದದ್ದನ್ನು ಹಂಚಿ. ಒಂದು ಅವಧಿಗೆ ಒಂದೇ ವಿಷಯ ತೆಗೆದುಕೊಳ್ಳಲು, ಅಗತ್ಯಬಿದ್ದರೆ ಒಂದು ಅವಧಿ ಬಿಡುವು ಪಡೆಯಲು ಅವಕಾಶವಿರುವ ಕೋರ್ಸನ್ನೇ ಆರಿಸಿ.

ಗುಂಪು ಕೆಲಸದ ಬಗ್ಗೆ ನೀವು ಅಳುಕು ತೋರಿದ್ದೀರಿ. ಬೇರೆ ಬೇರೆ ಟೈಮ್ ಝೋನ್‌ಗಳಲ್ಲಿರುವ, ಮುಖ ಕಾಣದ ನಾಲ್ವರೊಂದಿಗೆ ಒಂದೇ ಅಪಾಯ ಪಟ್ಟಿಯನ್ನು (ಪ್ರಾಜೆಕ್ಟ್‌ಗೆ ಎದುರಾಗಬಹುದಾದ ತೊಂದರೆಗಳ ಪಟ್ಟಿ) ತಯಾರಿಸುವುದು ಕಿರಿಕಿರಿಯ ಕೆಲಸವೇ ಸರಿ, ಮತ್ತು ಅವರಲ್ಲಿ ಒಬ್ಬರಂತೂ ಕೊನೆಯ ದಿನದವರೆಗೆ ಪತ್ತೆಯಿರುವುದಿಲ್ಲ. ಆದರೂ ಅದನ್ನು ತಪ್ಪಿಸಿಕೊಳ್ಳಬೇಡಿ. ಅಧಿಕಾರವಿಲ್ಲದೆಯೇ ಇನ್ನೊಬ್ಬರಿಂದ ಕೆಲಸ ಪಡೆಯುವುದು ಈ ವೃತ್ತಿಯ ನಿತ್ಯದ ಪಾಡು, ಇಡೀ ಪಠ್ಯಕ್ರಮದಲ್ಲಿ ಅದು ನಿಜವಾಗಿ ಅಭ್ಯಾಸವಾಗುವುದು ಇಲ್ಲಿ ಮಾತ್ರ.

ನಿಮ್ಮದೇ ಕಚೇರಿಯ ಪ್ರಾಜೆಕ್ಟನ್ನು ಪ್ರಬಂಧಕ್ಕೆ ವಸ್ತುವಾಗಿಸಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ ಆಗಬಹುದು. ಆದರೆ ಮೇಲಧಿಕಾರಿಯ ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬೇಡಿ. ಯಾವ ದಾಖಲೆ, ಯಾವ ಅಂಕಿಅಂಶ, ಯಾರ ಸಂದರ್ಶನ, ಸಂಸ್ಥೆಯ ಹೆಸರನ್ನು ಮರೆಮಾಚಬೇಕೇ ಬೇಡವೇ ಎಂಬುದನ್ನು ನಮೂದಿಸಿದ ಲಿಖಿತ ಅನುಮತಿಯನ್ನು ವಿಷಯ ನೋಂದಾಯಿಸುವ ಮೊದಲೇ ಪಡೆದುಕೊಳ್ಳಿ. ಜನರನ್ನು ಸಂದರ್ಶಿಸುವುದಾದರೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ, ಅದಕ್ಕೆ ವಾರಗಳೇ ಹಿಡಿಯುವುದರಿಂದ ಅರ್ಜಿಯನ್ನು ಅವಧಿಯ ಆರಂಭದಲ್ಲಿಯೇ ಸಲ್ಲಿಸಿ.

– ಸಂ.