ಕಾರು ತಗೊಳ್ಳೋದಾ, ಬೇಡವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ, ಹೆಂಡತಿ ಸ್ಕೂಟರಿನಲ್ಲಿ. ಮಗಳಿಗೆ ಆರು ವರ್ಷ. ವಯಸ್ಸಾದ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಕಾರು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಡೌನ್ ಪೇಮೆಂಟಿಗೆ ದುಡ್ಡಿದೆ. 7 ವರ್ಷದ ಸಾಲ ಮಾಡಿದರೆ ಕಂತು ಹಗುರ ಅಂತ ಶೋರೂಮಿನವರು ಹೇಳಿದರು. ಏನು ಮಾಡಲಿ?

ಉತ್ತರ: ಶೋರೂಮಿಗೆ ಮತ್ತೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ತಿಂಗಳು ಮನೆಯವರ ಓಡಾಟವನ್ನೆಲ್ಲ ಬರೆದಿಡಿ. ಯಾರು ಎಲ್ಲಿಗೆ ಹೋದರು, ಎಷ್ಟು ದೂರ, ಎಷ್ಟು ಜನ, ಎಷ್ಟು ಖರ್ಚಾಯಿತು, ಎಲ್ಲಿ ಒದ್ದಾಡಿದಿರಿ. ಕಾರು ಇದ್ದಿದ್ದರೆ ನಿಜಕ್ಕೂ ಅನುಕೂಲ ಆಗುತ್ತಿದ್ದ ದಿನಗಳು ಎಷ್ಟು ಅಂತ ಆಗ ಕಣ್ಣಿಗೆ ಕಾಣುತ್ತದೆ. ಬರೀ ಭಾನುವಾರದ ಸುತ್ತಾಟ ಮಾತ್ರ ಕಂಡರೆ, ಬೇಕಾದಾಗ ಟ್ಯಾಕ್ಸಿ ಮಾಡಿಕೊಳ್ಳುವುದೇ ಅಗ್ಗ ಅಂತ ನಾನು ಹೇಳುತ್ತೇನೆ. ಆದರೆ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಾತ್ರಿ ಹೊತ್ತು ಗಾಡಿ ಸಿಗದೆ ಪರದಾಡಿದ್ದರೆ, ಮಳೆಯಲ್ಲಿ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಲು ಹೆದರಿಕೆ ಆಗುತ್ತಿದ್ದರೆ, ಅದನ್ನು ಬರೀ ದುಡ್ಡಿನಲ್ಲಿ ಅಳೆಯಬೇಡಿ.

ಕಾರಿನ ಖರ್ಚು ಅಂದರೆ ಜನ ಕಂತು ಮತ್ತು ಪೆಟ್ರೋಲ್ ಮಾತ್ರ ಲೆಕ್ಕ ಹಾಕುತ್ತಾರೆ. ವಿಮೆ, ತೆರಿಗೆ, ಸರ್ವಿಸ್, ಟೈರು, ನಿಲ್ಲಿಸುವ ಜಾಗ ಎಲ್ಲವೂ ಇದೆ ಅಲ್ವಾ? ಇವೆಲ್ಲಕ್ಕಿಂತ ದೊಡ್ಡದು ಬೆಲೆ ಇಳಿಯುವುದು. ಹೊಸ ಕಾರಿನ ಬೆಲೆ ಮೊದಲ ವರ್ಷವೇ ಜಾಸ್ತಿ ಬೀಳುತ್ತದೆ. ನೀವು ಓಡಿಸದೆ ಸುಮ್ನೆ ನಿಲ್ಲಿಸಿದ್ದರೂ ಬೀಳುತ್ತದೆ.

ಇನ್ನು ಸಾಲ. ವರ್ಷಕ್ಕೆ ಶೇಕಡಾ 10 ಬಡ್ಡಿ ಅಂತ ಇಟ್ಟುಕೊಳ್ಳಿ. ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ ಹಾಕಿದರೂ, 5 ವರ್ಷದಲ್ಲಿ ತೀರಿಸಿದರೆ ಪ್ರತಿ 100ಕ್ಕೆ ಸುಮಾರು 27 ಬಡ್ಡಿ ಕಟ್ಟುತ್ತೀರಿ, 7 ವರ್ಷಕ್ಕೆ ಎಳೆದರೆ ಸುಮಾರು 39. ಕಂತು ಹಗುರ ಅನ್ನುವುದು ನಿಜ, ಆದರೆ ಹಳೆಯದಾಗಿ ರಿಪೇರಿ ಶುರುವಾದ ಕಾರಿಗೂ ನೀವು ಕಂತು ಕಟ್ಟುತ್ತಲೇ ಇರುತ್ತೀರಿ. ಯಾರಾದರೂ 'ಫ್ಲಾಟ್' ಬಡ್ಡಿ ಅಂದರೆ ಅಲ್ಲೇ ನಿಲ್ಲಿಸಿ ಕೇಳಿ. ಅದರಲ್ಲಿ ಸಾಲ ಕರಗುತ್ತಾ ಬಂದರೂ ಮೊದಲು ತಗೊಂಡ ಪೂರ್ತಿ ಮೊತ್ತಕ್ಕೇ ಕೊನೆಯವರೆಗೂ ಬಡ್ಡಿ ಹಾಕುತ್ತಾರೆ. 5 ವರ್ಷಕ್ಕೆ ಫ್ಲಾಟ್ ಶೇಕಡಾ 10 ಅಂದರೆ, ಉಳಿದ ಸಾಲದ ಲೆಕ್ಕದಲ್ಲಿ ಅದು ಶೇಕಡಾ 17 ದಾಟುತ್ತದೆ.

ಕಂತು, ವಿಮೆ, ಇಂಧನ ಎಲ್ಲ ಸೇರಿಸಿ ತಿಂಗಳಿಗೆ ಎಷ್ಟಾಗುತ್ತದೋ ಅಷ್ಟನ್ನು ಈಗಿನಿಂದಲೇ ಮೂರ್ನಾಲ್ಕು ತಿಂಗಳು ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಮನೆ ಖರ್ಚು ಸಲೀಸಾಗಿ ನಡೆದರೆ ಧೈರ್ಯವಾಗಿ ತಗೊಳ್ಳಿ, ಆ ದುಡ್ಡೂ ಡೌನ್ ಪೇಮೆಂಟಿಗೆ ಸೇರಿಕೊಳ್ಳುತ್ತದೆ. ಹದಿನೈದನೇ ತಾರೀಖಿಗೇ ಕೈ ಬಿಗಿಯಾದರೆ ಆ ಕಾರು ನಿಮಗೆ ದೊಡ್ಡದಾಯಿತು ಅಂತ ಅರ್ಥ. ನಿಮ್ಮ ಪತ್ರ ಓದಿದರೆ ಅಪ್ಪನಿಗಾಗಿ ಒಂದು ಚಿಕ್ಕ ಕಾರು ಬೇಕು ಅಂತಲೇ ನನಗೆ ಅನಿಸುತ್ತದೆ. ಅವರನ್ನೇ ಕರೆದುಕೊಂಡು ಹೋಗಿ, ಹತ್ತಿ ಇಳಿಯಲು ಹೇಳಿ. ಸೀಟು ತೀರಾ ಕೆಳಗಿದ್ದರೂ ಕಷ್ಟ, ತೀರಾ ಎತ್ತರ ಇದ್ದರೂ ಕಷ್ಟ. ಇದನ್ನು ಯಾವ ಪಟ್ಟಿ ನೋಡಿಯೂ ತಿಳಿಯಲು ಆಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ. ಮೋಸ ಹೋಗದ ಹಾಗೆ ಏನು ನೋಡಬೇಕು?

ಉತ್ತರ: ಹಗಲು ಹೊತ್ತಿನಲ್ಲೇ ನೋಡಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬಿಸಿಯಾಗಿದ್ದರೆ ಯಾಕೆ ಅಂತ ಕೇಳಿ, ಯಾಕೆಂದರೆ ತಣ್ಣಗಿರುವಾಗ ಕಾಣುವ ತೊಂದರೆ ಬಿಸಿಯಾದ ಮೇಲೆ ಮುಚ್ಚಿಹೋಗಬಹುದು. ಹೊಗೆ ನೀಲಿ ಇದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಒಳಗೆ ಸೋರುತ್ತಿರಬಹುದು, ಅದು ದೊಡ್ಡ ರಿಪೇರಿ. ಚಳಿಯಲ್ಲಿ ಸ್ವಲ್ಪ ಹೊತ್ತು ತೆಳ್ಳಗೆ ಬಂದು ಹೋಗುವುದು ಬರೀ ಆವಿ, ಹೆದರಬೇಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಮೀಟರಿನಲ್ಲಿ ತೀರಾ ಕಡಿಮೆ ಕಿಲೋಮೀಟರ್ ತೋರಿಸುತ್ತಿದ್ದು ನಾಲ್ಕೂ ಟೈರು ಆಗಲೇ ಬದಲಾಗಿದ್ದರೆ ಮೀಟರ್ ನಂಬಬೇಡಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟಿನ ಅಂಚು ಎಷ್ಟು ಸವೆದಿದೆ ನೋಡಿ, ಅದನ್ನು ಸರ್ವಿಸ್ ದಾಖಲೆಯ ಜೊತೆ ಹೋಲಿಸಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಕಲೆ ಇದ್ದರೆ, ಡಿಕ್ಕಿಯ ಮ್ಯಾಟ್ ಎತ್ತಿದಾಗ ಮುಗ್ಗಲು ವಾಸನೆ ಬಂದರೆ, ಕಾರು ನೀರಿನಲ್ಲಿ ಮುಳುಗಿತ್ತು ಅಂತ ಅನುಮಾನ ಪಡಿ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ವೈರಿಂಗ್ ತೊಂದರೆ ತಿಂಗಳುಗಟ್ಟಲೆ ಆದ ಮೇಲೂ ಹೊರಗೆ ಬರುತ್ತದೆ. 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರ್ ಕಾಗದಪತ್ರಕ್ಕೆ ತಾಳೆಯಾಗಬೇಕು. ಹಳೆಯ ಸಾಲ ಬಾಕಿ ಇದೆಯಾ ಅನ್ನುವುದೂ ಗೊತ್ತಾಗಬೇಕು. ಇಷ್ಟೆಲ್ಲ ಸರಿ ಕಂಡ ಮೇಲೂ ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಒಮ್ಮೆ ತೋರಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ, ಅದೂ ಪೇಟೆಯೊಳಗೆ. ಪೆಟ್ರೋಲಾ, ಡೀಸೆಲಾ, ಎಲೆಕ್ಟ್ರಿಕ್ಕಾ?

ಉತ್ತರ: ಡೀಸೆಲ್ ಬಿಡಿ. ಈಗಿನ ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಉದ್ದದ ಓಟ ಬೇಕು. ಚಿಕ್ಕ ಚಿಕ್ಕ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೇ ಚಾರ್ಜ್ ಮಾಡಲು ಜಾಗ ಇದ್ದರೆ ಎಲೆಕ್ಟ್ರಿಕ್ ಚೆನ್ನ. ಇಲ್ಲದಿದ್ದರೆ ಪೆಟ್ರೋಲೇ ಸರಿ, ದಿನಾ ಚಾರ್ಜರ್ ಹುಡುಕಿಕೊಂಡು ಅಲೆಯುವುದು ಬೇಡ.

ಪ್ರಶ್ನೆ: ಸನ್‌ರೂಫ್, ದೊಡ್ಡ ಸ್ಕ್ರೀನ್ ಇರುವ ಮಾಡೆಲ್ ಮಕ್ಕಳಿಗೆ ಇಷ್ಟ. ಅದೇ ಬೆಲೆಗೆ ಇನ್ನೊಂದು ಕಂಪನಿಯ ಕಾರಿನಲ್ಲಿ ಅವಿಲ್ಲ, ಆದರೆ ಏರ್‌ಬ್ಯಾಗ್ ಜಾಸ್ತಿ, ಇಎಸ್‌ಸಿ ಇದೆ. ಯಾವುದು?

ಉತ್ತರ: ಎರಡನೆಯದು, ಯೋಚನೆ ಮಾಡುವುದೇ ಬೇಡ. ಕಾರು ಜಾರಿ ಅಡ್ಡಾದಿಡ್ಡಿ ತಿರುಗುವಾಗ ಇಎಸ್‌ಸಿ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿ ಕೊಡುವ ಸುರಕ್ಷತೆಯ ಸ್ಟಾರ್ ನೋಡುವಾಗ ಯಾವ ವರ್ಷದ ಪರೀಕ್ಷೆ, ಯಾವ ವೇರಿಯಂಟ್ ಅಂತಲೂ ನೋಡಿ. ಪರೀಕ್ಷೆಗಳು ಬಿಗಿಯಾಗುತ್ತಾ ಬಂದಿವೆ, ಹಳೆಯ 5 ಸ್ಟಾರ್ ಈಗಿನ 5 ಸ್ಟಾರಿಗೆ ಸಮ ಅಲ್ಲ. ಇನ್ನೊಂದು ಮಾತು, ದಯವಿಟ್ಟು ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಈಗ ನಾವು ಹಾಕುವ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು, ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಎಷ್ಟೇ ಏರ್‌ಬ್ಯಾಗ್ ಇದ್ದರೂ ಬೆಲ್ಟ್ ಹಾಕದಿದ್ದರೆ ಅವು ಮಾಡಬೇಕಾದ ಕೆಲಸ ಮಾಡಲಾರವು.

ಪ್ರಶ್ನೆ: ಇವತ್ತೇ ಬುಕ್ ಮಾಡಿದರೆ ಮಾತ್ರ ರಿಯಾಯಿತಿ ಅಂತಾರೆ. ಮಾಡಿಬಿಡಲಾ?

ಉತ್ತರ: ಬೇಡ. ಎಲ್ಲ ಸೇರಿ ಕೊನೆಗೆ ಎಷ್ಟಾಗುತ್ತದೆ ಅನ್ನುವುದನ್ನು ಬರೆಸಿಕೊಂಡು ಮನೆಗೆ ಬನ್ನಿ. ಅದೇ ಕಾರಿಗೆ ಇನ್ನೊಂದು ಶೋರೂಮಿನಲ್ಲೂ ಬರೆಸಿಕೊಳ್ಳಿ. ಕಂತಿನ ಮಾತು ಎತ್ತಿದರೆ ಪೂರ್ತಿ ಬೆಲೆಯ ಮಾತಿಗೇ ವಾಪಸ್ ಬನ್ನಿ. ವಿಮೆ ಅವರ ಹತ್ತಿರವೇ ಮಾಡಿಸಬೇಕಾ, ಬೇಡದ ಆಕ್ಸೆಸರೀಸ್ ತೆಗೆಯಬಹುದಾ, ಎರಡನ್ನೂ ಕೇಳಿ. ನೋಂದಣಿಗೆ ಮುಂಚೆಯೇ ನಿಮಗೆ ಕೊಡುವ ಕಾರನ್ನೇ ತೋರಿಸಲು ಹೇಳಿ, ತಯಾರಾದ ತಿಂಗಳು ನೋಡಿಕೊಳ್ಳಿ, ಪೇಂಟ್ ಮೇಲೆ ಗೀರು ಇದೆಯಾ ನೋಡಿ, ಸ್ಟೆಪ್ನಿ ಮರೆಯಬೇಡಿ.