ಅಲ್ಟ್ರಾವೈಡ್ ಒಂದೋ, ಮಾನಿಟರ್ ಎರಡೋ? ಮೊದಲು ಟೇಬಲ್ ಅಳೆಯಿರಿ

ಧಾರವಾಡದಲ್ಲಿ ಮನೆಯಿಂದ ಕೆಲಸ, ಕಂಪನಿ ಕೊಟ್ಟ ಲ್ಯಾಪ್‌ಟಾಪ್, ನಾಲ್ಕು ಅಡಿ ಟೇಬಲ್, ದಿನವಿಡೀ ಎಕ್ಸೆಲ್, ನಡುನಡುವೆ ಮೀಟಿಂಗ್. 34 ಇಂಚಿನ ಅಲ್ಟ್ರಾವೈಡ್ (ಮಾಮೂಲಿಗಿಂತ ಅಗಲವಾದ ಮಾನಿಟರ್) ಒಂದು ತಗೊಳ್ಳಲಾ, 24 ಇಂಚಿನವು ಎರಡು ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ಒಂದು 27 ಇಂಚಿನದು ತಗೊಳ್ಳಿ, ಸಾಕು.

ನಾನಿರೋದು ಗದಗದಲ್ಲಿ. ಪ್ರೆಸ್‌ಗಳ ಊರು, ಗೊತ್ತಲ್ಲ. ಪುಸ್ತಕದ ಪುಟ ಕಟ್ಟೋದು, ಲಗ್ನಪತ್ರಿಕೆ ಮಾಡೋದು ನನ್ನ ಕೆಲಸ. ತಮ್ಮ ಅದೇ ಕೋಣೆಯಲ್ಲಿ ಕೂತು ಅಂಗಡಿಯವರ ಟ್ಯಾಲಿ, ಜಿಎಸ್‌ಟಿ ನೋಡಿಕೊಳ್ಳುತ್ತಾನೆ. ನನ್ನ ಮುಂದೆ 34 ಇಂಚಿನ ಅಲ್ಟ್ರಾವೈಡ್, ಅವನ ಮುಂದೆ 24ರ ಎರಡು. ಆ ಎರಡೂ ಮೊದಲು ನನ್ನವೇ. ಹಾಗಾಗಿ ಎರಡರ ಸುಖ-ದುಃಖವೂ ಗೊತ್ತು.

ನನಗೆ ಅಲ್ಟ್ರಾವೈಡ್ ಯಾಕೆ ಬೇಕಾಯಿತು ಅಂದರೆ, ನನ್ನ ಕೆಲಸವೇ ಉದ್ದುದ್ದಕ್ಕೆ ಹರಡುವಂಥದ್ದು. ಡೆಮಿ 1/8 ಪುಸ್ತಕದ ಒಂದು ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಎಡ ಪುಟ, ಬಲ ಪುಟ ಜೋಡಿಸಿ ನಿಜ ಅಳತೆಯಲ್ಲಿ ತೆರೆದರೆ 11 ಇಂಚು. ನನ್ನ ಪರದೆ 31 ಇಂಚು ಅಗಲ ಇದೆ (34 ಅನ್ನೋದು ಮೂಲೆಯಿಂದ ಮೂಲೆಗೆ ಅಳೆದದ್ದು). ಪುಟಗಳು ನಡುವೆ, ಎಡಕ್ಕೆ ಲೇಖಕರ ಹಸ್ತಪ್ರತಿಯ ಸ್ಕ್ಯಾನ್, ಬಲಕ್ಕೆ ಸಾಫ್ಟ್‌ವೇರಿನ ಪಟ್ಟಿಗಳು. ಎಲ್ಲಾ ಒಂದೇ ನೋಟದಲ್ಲಿ ಸಿಗುತ್ತವೆ. ಎರಡು ಮಾನಿಟರ್ ಇದ್ದಾಗ ಪ್ರತಿ ಸಾಲಿಗೂ ಕತ್ತು ಆ ಕಡೆ ಈ ಕಡೆ ಆಡಬೇಕಿತ್ತು.

ಒಮ್ಮೆ ಒಂದು ವಾರ ನಾವಿಬ್ಬರೂ ಜಾಗ ಅದಲು ಬದಲು ಮಾಡಿಕೊಂಡೆವು. ಮೊದಲ ದಿನವೇ ತಮ್ಮ, 'ಅಣ್ಣಾ, ಇದೇನ್ ಮಾನಿಟರೋ, ಪಂಕ್ತಿ ಚಾಪಿಯೋ?' ಅಂದ. ಟ್ಯಾಲಿ ದೊಡ್ಡದು ಮಾಡಿದರೆ ಹೆಸರು ಎಡತುದಿಗೆ, ಮೊತ್ತ ಬಲತುದಿಗೆ ಹೋಗಿ ಕೂರುತ್ತಿತ್ತು. ಸಾಲು ತಪ್ಪಬಾರದು ಅಂತ ಪಾಪ ಪರದೆಗೆ ಸ್ಕೇಲ್ ಹಿಡಿದು ಓದುತ್ತಿದ್ದ. ಅವನಿಗೆ ಬೇಕಾಗಿದ್ದು ಇಷ್ಟೇ: ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಟ್ಯಾಲಿ. ಮೂರನೇ ದಿನಕ್ಕೆ ತನ್ನ ಕುರ್ಚಿಗೆ ವಾಪಸ್.

ಅಲ್ಟ್ರಾವೈಡನ್ನು ಭಾಗ ಮಾಡಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಪರದೆ ಭಾಗ ಮಾಡೋ ನಕ್ಷೆ ಬರುತ್ತದೆ. ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡುವ ಪವರ್‌ಟಾಯ್ಸ್ ಹಾಕಿಕೊಂಡರೆ ಅದರಲ್ಲಿ ಫ್ಯಾನ್ಸಿಝೋನ್ಸ್ ಅಂತ ಇದೆ, ನಮಗೆ ಬೇಕಾದ ಅಳತೆಗೆ ಗಡಿ ಹಾಕಿಕೊಳ್ಳಬಹುದು. ನನ್ನದು ಅದರ ಮೇಲೇ ನಡೆಯುತ್ತದೆ. ಆದರೆ ಎರಡು ಮಾನಿಟರ್ ಇದ್ದವರಿಗೆ ಈ ಉಸಾಬರಿಯೇ ಇಲ್ಲ. ಕಂಪನಿ ಲ್ಯಾಪ್‌ಟಾಪ್ ಅಂದಿರಿ. ಅದರಲ್ಲಿ ಇಂಥವನ್ನೆಲ್ಲ ಹಾಕಿಕೊಳ್ಳೋಕೆ ಬಿಡುತ್ತಾರಾ, ಮೊದಲೇ ಕೇಳಿ.

ನಡುನಡುವೆ ಮೀಟಿಂಗ್ ಅಂದಿರಿ, ಅಲ್ವಾ? ಅಲ್ಟ್ರಾವೈಡ್ ಕೈಕೊಡೋದು ಅಲ್ಲೇ. ಪೂರ್ತಿ ಪರದೆ ಹಂಚಿದರೆ ಆ ಕಡೆಯವರ ಲ್ಯಾಪ್‌ಟಾಪಿನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಇರುವೆ ಸಾಲಿನ ಹಾಗೆ ಅಕ್ಷರ. ನಾನು ಒಬ್ಬ ಗಿರಾಕಿಗೆ ಲಗ್ನಪತ್ರಿಕೆ ಹೀಗೇ ತೋರಿಸಿದ್ದೆ. 'ಮದುಮಗನ ಹೆಸರು ಎಲ್ಲಿದೆರೀ?' ಅಂತ ಕೇಳಿದರು. ಈಗ ಒಂದು ವಿಂಡೋ ಮಾತ್ರ ಹಂಚುತ್ತೇನೆ.

ಇನ್ನು ಅಳತೆ. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂ.ಮೀ. ಅಗಲ. 24ರ ಎರಡು ಪಕ್ಕಪಕ್ಕ ಇಟ್ಟರೆ 107ರ ಹತ್ತಿರ. ನಿಮ್ಮ ನಾಲ್ಕು ಅಡಿ ಅಂದರೆ 122. ಎರಡು ಹಿಡಿಸುತ್ತವೆ, ಆದರೆ ಲ್ಯಾಪ್‌ಟಾಪ್ ಎಲ್ಲಿ ಇಡುತ್ತೀರಿ? ಚಹಾದ ಕಪ್ಪು? ಹಳೆ ಪೇಪರನ್ನು ಈ ಅಳತೆಗೆ ಕತ್ತರಿಸಿ ಟೇಬಲ್ ಹಿಂದಿನ ಗೋಡೆಗೆ ಅಂಟಿಸಿ, ಎರಡು ದಿನ ಅದರ ಮುಂದೆ ಕೂತು ನೋಡಿ. ನಗಬೇಡಿ, ಅಂಗಡಿಯಲ್ಲಿ ನಿಂತು ನೋಡಿದರೆ ಎಲ್ಲಾ ಮಾನಿಟರೂ ಚಿಕ್ಕದಾಗೇ ಕಾಣುತ್ತವೆ.

ಎರಡು ಇಟ್ಟವರು ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೆ. ಎರಡನ್ನೂ ಸಮನಾಗಿ ಇಟ್ಟು, ನಡುವಿನ ಕಪ್ಪು ಅಂಚಿಗೆ ಮೂಗು ನೇರ ಮಾಡಿ ಕೂರೋದು. ಆಗ ಕೆಲಸ ಯಾವತ್ತೂ ಓರೆಯಲ್ಲೇ. ನನಗೆ ಎಡಗಡೆ ಕತ್ತು ಹಿಡಿದುಕೊಂಡು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡೆ. ಒಂದನ್ನು ನೇರ ಎದುರಿಗೆ ಇಡಿ, ಇನ್ನೊಂದನ್ನು ಪಕ್ಕಕ್ಕೆ ತುಸು ತಿರುಗಿಸಿ ಇಡಿ.

ಈಗ 27 ಇಂಚು ಯಾಕಂದೆ ಹೇಳುತ್ತೇನೆ. ನಿಮ್ಮ ಲೆಕ್ಕದಲ್ಲಿ ಲ್ಯಾಪ್‌ಟಾಪಿನ ಪರದೆಯೇ ಇಲ್ಲ. ಅದೂ ಒಂದು ಪರದೆ ತಾನೇ? 2560x1440 ಚುಕ್ಕಿ (ಪಿಕ್ಸೆಲ್) ಇರುವ 27 ಇಂಚಿನ ಮಾನಿಟರ್ ಎತ್ತರದಲ್ಲಿ ನನ್ನ ಅಲ್ಟ್ರಾವೈಡಿಗೆ ಸಮ, ಅಕ್ಷರವೂ ಅಷ್ಟೇ ಚೊಕ್ಕ. ಅದನ್ನೇ ಪಕ್ಕಕ್ಕೆ ಎಳೆದರೆ 3440x1440ರ 34 ಇಂಚು, ಅಷ್ಟೇ. ಆ 27 ಇಂಚಿನದು ಎದುರಿಗಿರಲಿ, ಎಕ್ಸೆಲ್ ಅಲ್ಲಿ. ಲ್ಯಾಪ್‌ಟಾಪ್ ಪಕ್ಕದಲ್ಲಿ ನಾಲ್ಕು ದಪ್ಪ ಪುಸ್ತಕದ ಮೇಲೆ ಕೂರಲಿ, ಮೀಟಿಂಗ್ ಅಲ್ಲಿ. ಕ್ಯಾಮೆರಾನೂ ಅಲ್ಲೇ ಇದೆ. ಹಾಂ, ನಿಮ್ಮ ಎಕ್ಸೆಲ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳೂ ಒಟ್ಟಿಗೆ ಕಾಣಲೇಬೇಕು ಅನ್ನುವಂಥದ್ದಾದರೆ ಅಥವಾ ವಿಡಿಯೋ ಎಡಿಟಿಂಗ್ ಏನಾದರೂ ಇದ್ದರೆ ನನ್ನ ಮಾತು ಬಿಟ್ಟು ಅಲ್ಟ್ರಾವೈಡೇ ತಗೊಳ್ಳಿ.

ಲ್ಯಾಪ್‌ಟಾಪ್ ಯಾವುದು ಅಂತ ಬರೆದಿಲ್ಲ. ಎಂ1 ಅಥವಾ ಎಂ2 ಮ್ಯಾಕ್‌ಬುಕ್ ಏರ್ ಆಗಿದ್ದರೆ ಅದು ನೇರವಾಗಿ ಹೊರಗಿನ ಒಂದೇ ಮಾನಿಟರ್ ನಡೆಸುತ್ತದೆ. 24ರ ಎರಡು ಅನ್ನೋ ಪ್ರಶ್ನೆಯೇ ಮುಗಿಯಿತು. ಅಲ್ಟ್ರಾವೈಡೇ ಬೇಕು ಅನ್ನೋದಾದರೆ ಕೇಬಲ್ ಸಾಕೆಟ್ ನೋಡಿಕೊಳ್ಳಿ. ನನ್ನದು ತಂದ ದಿನ ಮೌಸ್ ಜರ್ಕ್ ಹೊಡೆಯುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದೆ. ಕೊನೆಗೆ ನೋಡಿದರೆ ನನ್ನ ಹಳೆ ಕಂಪ್ಯೂಟರಿನ ಎಚ್‌ಡಿಎಂಐ 1.4 ಸಾಕೆಟ್, ಆ ಅಗಲಕ್ಕೆ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಚಿತ್ರ ಬದಲಿಸೋದು) ದಾಟಲೇ ಇಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ ಸರಿಹೋಯಿತು. ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಕರೆಂಟಿನ ವಿಷಯ ನಿಮಗೂ ಗೊತ್ತು, ನಿಮಗೂ ಹೆಸ್ಕಾಂ, ನಮಗೂ ಹೆಸ್ಕಾಂ. ನಮ್ಮ ಕಪ್ಪತಗುಡ್ಡದ ಮೇಲೆ ಗಾಳಿಯಿಂದ ಕರೆಂಟ್ ತೆಗೆಯುತ್ತಾರೆ, ನಮ್ಮ ಓಣಿಯಲ್ಲಿ ಗಾಳಿ ಬಂದರೆ ಕರೆಂಟ್ ತೆಗೆಯುತ್ತಾರೆ. ಕರೆಂಟ್ ಹೋದಾಗ ತಮ್ಮ ಒಂದು ಮಾನಿಟರ್ ಆರಿಸಿ, ಯುಪಿಎಸ್ ಮೇಲೆ ಇನ್ನೊಂದರಲ್ಲಿ ಕೆಲಸ ಮುಗಿಸಿಕೊಳ್ಳುತ್ತಾನೆ. ನನ್ನದು ಅರ್ಧ ಆರೋದಿಲ್ಲ. ಕೆಟ್ಟರೂ ಅದೇ ಕಥೆ, ಅವನಿಗೆ ಇನ್ನೊಂದಿದೆ, ನನಗೆ ಆವತ್ತು ರಜೆ.

ಕೆಟ್ಟರೆ ರಿಪೇರಿಗೆ ಹುಬ್ಬಳ್ಳಿಗೆ ಹೊರಬೇಕು, ಅದು ಬೇರೆ. ತರುವಾಗ ಬಸ್ಸಿನಲ್ಲೇ ತಂದಿದ್ದೆ. ಕಂಡಕ್ಟರ್ ಡಬ್ಬ ನೋಡಿ, 'ಟಿವಿ ಏನ್ರೀ?' ಅಂದು ಲಗೇಜ್ ಟಿಕೆಟ್ ಹರಿದರು. ಗದಗ ಬರೋವರೆಗೂ ಡಬ್ಬ ಸೀಟಿನಲ್ಲಿ, ನಾನು ನಿಂತುಕೊಂಡು. ಯಾವುದೇ ತಗೊಳ್ಳಿ, ವಾರಂಟಿ ಮುಗಿಯೋವರೆಗೂ ಡಬ್ಬ, ಥರ್ಮಾಕೋಲ್ ಬಿಸಾಡಬೇಡಿ. ನನ್ನದು ಅಟ್ಟದ ಮೇಲಿದೆ, ಸದ್ಯ ಅದರಲ್ಲಿ ಅವ್ವ ಶಾವಿಗೆ ತುಂಬಿಟ್ಟಿದ್ದಾಳೆ.