ಎಂಟನೇ ನಡೆಗೇ ಮಂತ್ರಿ ಹೋದರೆ?

ಪ್ರಶ್ನೆ: ನನ್ನ ಚೆಸ್ ರೇಟಿಂಗ್ 1450ರ ಆಸುಪಾಸು. ಕಪ್ಪು ಕಾಯಿಗೆ ಬರ್ಲಿನ್ ಡಿಫೆನ್ಸ್ ಎಂಬ ಆರಂಭದ ಆಟ ಕಲಿ ಅಂತ ಕೋಚ್ ಹೇಳುತ್ತಾರೆ. ಆದರೆ ಎಂಟನೇ ನಡೆಗೇ ಇಬ್ಬರ ಮಂತ್ರಿಯೂ ಹೋಗುತ್ತದೆ, ನನಗೆ ಕ್ಯಾಸ್ಲಿಂಗೂ (ರಾಜನನ್ನು ಬದಿಗೆ ಸರಿಸಿ ಭದ್ರ ಮಾಡುವ ನಡೆ) ಇಲ್ಲ. ಇದನ್ನು ಆಡಿ ಕ್ರಾಮ್ನಿಕ್ ಕಾಸ್ಪರೋವ್ ಅವರನ್ನು ಸೋಲಿಸಿದ್ದು ಹೇಗೆ?

ಉತ್ತರ: ಬರ್ಲಿನ್ ಆಡಿ ಸೋಲಿಸಲಿಲ್ಲ! 2000ದಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್ ಅದನ್ನು 1, 3, 9 ಮತ್ತು 13ನೇ ಆಟಗಳಲ್ಲಿ ಆಡಿದರು. ನಾಲ್ಕೂ ಡ್ರಾ. ಗೆದ್ದಿದ್ದು 2 ಮತ್ತು 10ನೇ ಆಟ, ಅದೂ ಬಿಳಿ ಕಾಯಿಯಲ್ಲಿ. ಕಾಸ್ಪರೋವ್‌ಗೆ 15 ಆಟಗಳಲ್ಲಿ ಒಂದೂ ಗೆಲುವು ಸಿಗಲಿಲ್ಲ. 1985ರಿಂದ ಅವರ ಬಳಿ ಇದ್ದ ಪಟ್ಟ 8.5–6.5ರಲ್ಲಿ ಕೈಬಿಟ್ಟಿತು. ಮಂತ್ರಿ ಇದ್ದರೆ ಅವರು ಹುಲಿ. ಕ್ರಾಮ್ನಿಕ್ ಆ ಮಂತ್ರಿಯನ್ನೇ ಬೋರ್ಡಿನಿಂದ ಇಳಿಸಿಬಿಟ್ಟರು.

ಈಗ ಎಂಟನೇ ನಡೆಯ ನಂತರದ ಬೋರ್ಡ್ ನೋಡಿ. ಇಬ್ಬರಿಗೂ ಏಳೇಳು ಕಾಲಾಳು. ರಾಜನ ಬದಿಯಲ್ಲಿ ಬಿಳಿಗೆ ನಾಲ್ಕು, ನಿಮಗೆ ಮೂರು. ಮಂತ್ರಿಯ ಬದಿಯಲ್ಲಿ ನಿಮಗೂ ನಾಲ್ಕಿವೆ, ಆದರೆ ಎರಡು ಸಿ ಸಾಲಿನಲ್ಲಿ ಒಂದರ ಹಿಂದೊಂದು ಸಿಕ್ಕಿಕೊಂಡಿವೆ. ಎಲ್ಲ ಕಾಯಿ ಹೋಗಿ ರಾಜ, ಕಾಲಾಳು ಮಾತ್ರ ಉಳಿದರೆ ಸಾಮಾನ್ಯವಾಗಿ ಬಿಳಿಗೇ ಗೆಲುವು. ನಾನು ಇದನ್ನು ಕಲಿತದ್ದು ಒಂದು ಟೂರ್ನಿಯಲ್ಲಿ. ಡ್ರಾ ಆಗಲಿ ಅಂತ ಸಿಕ್ಕಿದ್ದನ್ನೆಲ್ಲ ಖುಷಿಯಿಂದ ಕಾಯಿಗೆ ಕಾಯಿ ಬದಲಾಯಿಸುತ್ತಾ ಹೋದೆ, ಕೊನೆಗೆ ಎದುರಾಳಿಯ ಇ ಸಾಲಿನ ಕಾಲಾಳು ಓಡುವುದನ್ನು ನೋಡುತ್ತಾ ಕೂತೆ.

ಹಾಗಾದರೆ ಕಪ್ಪಿಗೆ ಏನಿದೆ? ಎರಡೂ ಒಂಟೆಗಳಿವೆ. ಬಿಳಿ ಮನೆಗಳ ಮೇಲೆ ಓಡುವ ತನ್ನ ಒಂಟೆಯನ್ನು ಬಿಳಿಯವನು ಆರನೇ ನಡೆಯಲ್ಲೇ ಕೊಟ್ಟುಬಿಟ್ಟಿದ್ದಾನೆ. ಅದಕ್ಕೇ ಇ6, ಡಿ5, ಎಫ್5 ಮನೆಗಳಲ್ಲಿ ನೀವು ಆರಾಮಾಗಿ ಕೂರಬಹುದು. ಎಫ್5ರಲ್ಲಿರುವ ನಿಮ್ಮ ಕುದುರೆಯನ್ನು ಬಿಳಿಯ ಕಾಲಾಳು ಜಿ4ಕ್ಕೆ ಬಂದು ಓಡಿಸದ ಹಾಗೆ ಎಚ್5ಕ್ಕೆ ಕಾಲಾಳು ಆಡುವುದೂ ಅದಕ್ಕೇ. ಮಂತ್ರಿಗಳೇ ಇಲ್ಲದಾಗ ರಾಜನಿಗೂ ಅಷ್ಟೇನೂ ಭಯವಿಲ್ಲ, ಇ8ಕ್ಕೋ ಸಿ8ಕ್ಕೋ ಸರಿಯುತ್ತಾನೆ.

ನಿಮಗೆ ಬೇಕಾ? ಬೇಕು, ಆದರೆ ಬಾಯಿಪಾಠ ಮಾಡಿದರೆ ಏನೂ ಸಿಗದು. ನಿಮ್ಮ ಮಟ್ಟದಲ್ಲಿ ಜಾಸ್ತಿ ಜನ ನಾಲ್ಕನೇ ನಡೆಗೆ ಕಾಲಾಳನ್ನು ಡಿ3ಕ್ಕೆ ಆಡಿ ಈ ಆಟದಿಂದಲೇ ಜಾರಿಕೊಳ್ಳಬಹುದು. ಮಂತ್ರಿ ಹೋದ ಸ್ಥಿತಿಯನ್ನೇ ಬೋರ್ಡಿನ ಮೇಲಿಟ್ಟು ಗೆಳೆಯರ ಜೊತೆ ಹತ್ತು ಆಟ ಆಡಿ. ಐದು ಸಲ ಬಿಳಿ ಕಾಯಿ ನೀವೇ ಹಿಡಿಯಿರಿ. ಕಪ್ಪು ಮಾಡುವ ಯಾವ ಕಾಯಿ ಬದಲಾವಣೆ ಬಿಳಿ ಹಿಡಿದ ನಿಮಗೆ ಖುಷಿ ಕೊಡುತ್ತದೆ ಅಂತ ಆಗ ಗೊತ್ತಾಗುತ್ತದೆ, ಕಪ್ಪು ಹಿಡಿದಾಗ ಅದೊಂದನ್ನು ಮಾಡಬೇಡಿ.